ಸಹಿ ಹಾಕಿ, ಆದರೆ ಕೇಳಿ ಹಾಕಿ

ಹಾಸನದಿಂದ ತಾಯಿಯೊಬ್ಬರು ಬರೆದಿದ್ದಾರೆ: “ಮಗನಿಗೆ ಎಂಟು ವರ್ಷ. ಖಾಸಗಿ ಶಾಲೆಯಲ್ಲಿ ಮೂರನೇ ತರಗತಿ. ಮಾತಿನಲ್ಲಿ ಬಲು ಚುರುಕು, ಬರೆಯಲು ಕೂರಿಸಿದರೆ ಕಲ್ಲು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಕಳೆದ ತಿಂಗಳು ಪಕ್ಕದ ಹುಡುಗನಿಗೆ ಪೆನ್ಸಿಲ್‌ನಿಂದ ಚುಚ್ಚಿದನಂತೆ. ಶಾಲೆಯ ಕೌನ್ಸೆಲರ್ ಅವನನ್ನು ನೋಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದಿದ್ದಾರೆ. ‘ನಮ್ಮ ಮನೆಯ ಮಗುವಿಗೇನು ಹುಚ್ಚೇ?’ ಎನ್ನುತ್ತಾರೆ ಅತ್ತೆಯವರು. ಎರಡು ಬಾರಿಸಿದರೆ ಸರಿಹೋಗುತ್ತಾನೆ ಎನ್ನುತ್ತಾರೆ ಯಜಮಾನರು. ಇಷ್ಟು ಚಿಕ್ಕ ಮಕ್ಕಳಿಗೆ ಮನಃಶಾಸ್ತ್ರಜ್ಞರು ಮಾಡುವುದಾದರೂ ಏನು? ನಾಳೆ ಟಿ.ಸಿ.ಯಲ್ಲಿ ಇದೆಲ್ಲ ಬರುತ್ತದೆಯೇ?”

ಸೋದರಿ,

ನಿಮ್ಮ ನಿದ್ದೆ ಕೆಡಿಸಿರುವುದು ಕೊನೆಯ ಪ್ರಶ್ನೆಯೇ ಇರಬೇಕು. ಆದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಟಿ.ಸಿ.ಯಲ್ಲಿ ಆಪ್ತಸಮಾಲೋಚನೆಗೆಂದು, ಅಂದರೆ ಕೌನ್ಸೆಲಿಂಗ್‌ಗೆಂದು, ಯಾವ ಕಾಲಂ ಕೂಡ ಇಲ್ಲ. ಸಹಿ ಹಾಕಿ.

ಹುಚ್ಚಿನ ಮಾತಿಗೆ ಒಂದು ಹಳೆಯ ಪ್ರಸಂಗ ಸಾಕು. 1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೈಟ್ನರ್ ವಿಟ್ಮರ್ ಎಂಬ ಮನಃಶಾಸ್ತ್ರಜ್ಞರ ಬಳಿ ಕರೆತಂದರು. ಹುಡುಗ ದಡ್ಡನಲ್ಲ, ಆದರೆ ಕಾಗುಣಿತ ಮಾತ್ರ ಏನು ಮಾಡಿದರೂ ಬಾರದು. ವಿಟ್ಮರ್ ಪರೀಕ್ಷಿಸಿ ನೋಡಿದಾಗ ಅವನ ದೃಷ್ಟಿಯಲ್ಲೇ ದೋಷವಿತ್ತು. ಮೊದಲು ಕನ್ನಡಕ ಬಂತು, ಆಮೇಲೆ ಪಾಠ. ಶಾಲಾ ಮನಃಶಾಸ್ತ್ರ ಎಂಬ ವೃತ್ತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಈ ಹುಡುಗನಿಂದಲೇ ಆರಂಭಿಸುತ್ತಾರೆ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಇಂದಿಗೂ ಒಳ್ಳೆಯ ಮನಃಶಾಸ್ತ್ರಜ್ಞೆಯ ಮೊದಲ ಪ್ರಶ್ನೆ ಕಣ್ಣು, ಕಿವಿ, ನಿದ್ದೆಗಳ ಬಗ್ಗೆ ಇರುತ್ತದೆ. ಪದೇ ಪದೇ ಶೀತವಾಗಿ ಕಿವಿ ಸೋರುವ ಮಗುವಿಗೆ ಹಿಂದಿನ ಬೆಂಚಿನಲ್ಲಿ ಅರ್ಧ ಪಾಠವೇ ಕೇಳಿಸುತ್ತಿರುವುದಿಲ್ಲ. ಅನಂತರ ಆಕೆ ನಿಮ್ಮ ಮಗನ ನೋಟ್‌ಬುಕ್ ತೆರೆಯುತ್ತಾರೆ, ತರಗತಿಯ ಮೂಲೆಯಲ್ಲಿ ಕುಳಿತು ನೋಡುತ್ತಾರೆ. ಪೆನ್ಸಿಲ್ ಚುಚ್ಚಿದ್ದು ಯಾವ ಪೀರಿಯಡ್‌ನಲ್ಲಿ? ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು? ಹೊಟ್ಟೆನೋವು ದಿನವೂ ಬರುತ್ತದೆಯೋ, ಉಕ್ತಲೇಖನ ಇರುವ ದಿನ ಮಾತ್ರವೋ? ಭಾನುವಾರ ಇರುವುದಿಲ್ಲವೇ? ಎಂಟು ವರ್ಷದವನು “ಎಲ್ಲರೆದುರು ಓದಲು ನನಗೆ ನಾಚಿಕೆ” ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹೊಟ್ಟೆನೋವು ಎನ್ನುತ್ತಾನೆ. ಅವನಿಗೆ ನೋವು ನಿಜವಾಗಿಯೂ ಆಗುತ್ತಿರುತ್ತದೆ, ನಾಟಕವೆಂದು ಗದರಬೇಡಿ. ಒಮ್ಮೆ ಮಕ್ಕಳ ವೈದ್ಯರಿಗೂ ತೋರಿಸಿಬಿಡಿ. ಈ ವಯಸ್ಸಿನವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರೆ ಏನೂ ಹೊರಡದು. ಚಿತ್ರ ಬರೆಸಿ, ಆಟ ಆಡಿಸಿ, ಕಥೆ ಕಟ್ಟಿಸಿ ತಿಳಿಯಬೇಕು.

ಮಾತಿನಲ್ಲಿ ಚುರುಕು, ಬರವಣಿಗೆಯಲ್ಲಿ ತೊಡಕು ಎಂದರೆ ಕಲಿಕಾ ನ್ಯೂನತೆ (ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು, ಬರಹ ಅಥವಾ ಲೆಕ್ಕ ಮಾತ್ರ ತೊಡಕಾಗುವ ಸ್ಥಿತಿ) ಇದೆಯೇ ಎಂದು ನೋಡುವುದು ಸಹಜ. ಆದರೆ ಇಲ್ಲಿ ಅವಸರ ಸಲ್ಲದು. ಕನ್ನಡದಲ್ಲಿ ಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ನೂರಾರು ರೂಪಗಳನ್ನು ಕಲಿಯಬೇಕು, ಮೂರು ನಾಲ್ಕನೇ ತರಗತಿಯವರೆಗೂ ಅದು ನಡೆದೇ ಇರುತ್ತದೆ. ಜೊತೆಗೆ ಇಂಗ್ಲಿಷ್ ಲಿಪಿ ಬೇರೆ. ಎರಡನೇ ತರಗತಿಯವನು ದೀರ್ಘ ಮರೆತರೆ, ಒತ್ತು ನುಂಗಿದರೆ ಅದಕ್ಕೆಲ್ಲ ಹೆಸರು ಹಚ್ಚಬೇಕಾಗಿಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಕೂಡ ಎಂಟು ವರ್ಷ ತುಂಬಿದ ಮೇಲಷ್ಟೇ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಎಂದಿತು. ಪರೀಕ್ಷೆ ಬೇಕೆಂದಾದರೆ ಎರಡೂ ಭಾಷೆಗಳಲ್ಲಿ ಆಗಲಿ. ಮನೆಯಲ್ಲಿ ಕನ್ನಡವಾಡುವ ಮಗುವನ್ನು ಇಂಗ್ಲಿಷ್ ಪುಟವೊಂದರಿಂದ ಅಳೆಯುವುದು ಅನ್ಯಾಯ. ಕಲಿಕಾ ನ್ಯೂನತೆಯನ್ನು ಗುರುತಿಸಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವೂ ಅಲ್ಲ.

ಪ್ರಾಥಮಿಕ ಶಾಲೆಯಲ್ಲಿ ಮನಃಶಾಸ್ತ್ರಜ್ಞೆಯ ನಿಜವಾದ ಕೆಲಸ ಇರುವುದು ದೊಡ್ಡವರ ಜೊತೆ. ಮಗುವನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಕೋಣೆಗೆ ಕರೆದು ವಾಪಸ್ ಅದೇ ಬೆಂಚಿಗೆ, ಅದೇ ಬೈಗುಳಕ್ಕೆ ಕಳುಹಿಸಿದರೆ ಏನು ಬಂತು? ಮುಂದಿನ ಸಾಲಿನಲ್ಲಿ ಕೂರಿಸುವುದು, ಬೋರ್ಡಿನಿಂದ ನಕಲು ಮಾಡುವುದನ್ನು ಕಡಿಮೆ ಮಾಡುವುದು, ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವುದು, ಪುಟದ ತುಂಬ ಕೆಂಪು ಶಾಯಿ ಚೆಲ್ಲದೆ ಒಂದೆರಡು ತಪ್ಪನ್ನಷ್ಟೇ ತಿದ್ದುವುದು: ಇವನ್ನೆಲ್ಲ ಮಾಡಬೇಕಾದವರು ತರಗತಿಯ ಶಿಕ್ಷಕಿ. ನಲವತ್ತು ಮಕ್ಕಳ ನಡುವೆ ಅದು ಸಾಧ್ಯವಾಗುವಂತೆ ಆಕೆಯ ಜೊತೆ ನಿಲ್ಲುವುದು ಮನಃಶಾಸ್ತ್ರಜ್ಞೆಯ ಕಸುಬು. ಸಹಿ ಹಾಕುವ ಮೊದಲು ನೀವು ಕೇಳಬೇಕಾದ ಮುಖ್ಯ ಪ್ರಶ್ನೆಯೂ ಇದೇ: “ಮಗನನ್ನು ನೋಡಿದ ಮೇಲೆ ತರಗತಿಯಲ್ಲಿ ಏನು ಬದಲಾಗುತ್ತದೆ?” ಉತ್ತರ ತಡವರಿಸಿದರೆ ಎಚ್ಚರವಾಗಿರಿ.

ಇನ್ನೂ ಕೆಲವನ್ನು ಕೇಳಿ. ಅವರ ಓದು ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೌನ್ಸೆಲರ್ ಎಂಬ ಫಲಕವನ್ನು ಅಲ್ಪಾವಧಿ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳುತ್ತಾರೆ. ಇವರಿಬ್ಬರೂ ಔಷಧಿ ಬರೆಯುವವರಲ್ಲ, ಅದು ಮನೋವೈದ್ಯರ ಕೆಲಸ. ಮಗು ಹೇಳಿದ್ದು ಸ್ಟಾಫ್ ರೂಮಿನಲ್ಲಿ ಹರಟೆಯ ವಸ್ತುವಾಗದು ಎಂಬ ಭರವಸೆ ಪಡೆಯಿರಿ. “ಗಲಾಟೆ ಮಾಡಿದರೆ ಕೌನ್ಸೆಲರ್ ಹತ್ತಿರ ಕಳುಹಿಸುತ್ತೇನೆ” ಎಂದು ಹೆದರಿಸುವ ಶಾಲೆಗಳಿವೆ. ಕೌನ್ಸೆಲರನ್ನು ಗುಮ್ಮನನ್ನಾಗಿ ಮಾಡಿದ ಶಾಲೆಗೆ ಕೌನ್ಸೆಲರ್ ಇಲ್ಲದಿದ್ದರೇ ಲೇಸು. ನಾಳೆ “ಬೇರೆ ಶಾಲೆ ನೋಡಿಕೊಳ್ಳಿ” ಎಂಬ ಧಾಟಿ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ನಿಮ್ಮ ಪರವಾಗಿದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ.

ಅದೇ ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು ನಿಮ್ಮ ಮನೆಯ ಹಜಾರಕ್ಕೆ ಬರುವುದಿಲ್ಲ, ನಿಜ. ಆದರೂ ಯಜಮಾನರಿಗೆ ಹೇಳಿ: ಓದಲು ಬಾರದ್ದಕ್ಕೆ ಹೊಡೆದರೆ ಓದು ಬರುವುದಿಲ್ಲ, ಹೊಟ್ಟೆನೋವು ಮಾತ್ರ ಭಾನುವಾರಕ್ಕೂ ಹಬ್ಬುತ್ತದೆ.

ಸರ್ಕಾರಿ ಶಾಲೆಯ ಪೋಷಕರು “ನಮಗೆಲ್ಲಿ ಈ ಭಾಗ್ಯ” ಎಂದುಕೊಳ್ಳುವುದು ಸಹಜ. ಅಮೆರಿಕದ ಶಾಲಾ ಮನಃಶಾಸ್ತ್ರಜ್ಞರ ರಾಷ್ಟ್ರೀಯ ಸಂಘ 500 ಮಕ್ಕಳಿಗೆ ಒಬ್ಬರು ಬೇಕೆನ್ನುತ್ತದೆ. ನಮ್ಮಲ್ಲಿ ಸಿ.ಬಿ.ಎಸ್.ಇ. ನಿಯಮವೂ ಕೌನ್ಸೆಲರ್ ಬೇಕೆನ್ನುವುದು ಪ್ರೌಢ ಹಂತಕ್ಕೆ. ಅಷ್ಟು ಹೊತ್ತಿಗೆ ಮಗು ತಾನು ದಡ್ಡ ಎಂದು ನಂಬಿ ವರ್ಷಗಳೇ ಆಗಿರುತ್ತವೆ. ಆದರೂ ಏನೂ ಇಲ್ಲವೆಂದಲ್ಲ. ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಶಿಕ್ಷಕರಿರುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ತಪಾಸಣೆ ಮಾಡಬೇಕು. ಮನಸ್ಸಿನ ಕಷ್ಟಕ್ಕೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಮುಂದಿನ ಎಸ್‌.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಆ ಬಿ.ಐ.ಇ.ಆರ್.ಟಿ. ಶಿಕ್ಷಕರು ನಮ್ಮ ಶಾಲೆಗೆ ಕೊನೆಯ ಬಾರಿ ಬಂದದ್ದು ಯಾವಾಗ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

– ಸಂಪಾದಕ