ಕಬ್ಬಿಣ ಇದ್ದರೂ ಸೂಪರ್‌ಕಂಡಕ್ಟರ್ ಆಗುತ್ತದೆಯೇ?

ಆಯಸ್ಕಾಂತ ಸೂಪರ್‌ಕಂಡಕ್ಟರಿನ ವೈರಿ ಎಂದು ಓದಿದ್ದೇವೆ ಸರ್. ಹಾಗಾದರೆ ಕಬ್ಬಿಣದ ಸೂಪರ್‌ಕಂಡಕ್ಟರ್ ಹೇಗೆ ಸಾಧ್ಯ? (ವಿದ್ಯಾರ್ಥಿನಿ, ಧಾರವಾಡ)

ಧಾರವಾಡ, ಗದಗ, ಎಲ್ಲಿ ಮಾತಾಡಲು ಹೋದರೂ ಇದೇ ಪ್ರಶ್ನೆ. ಅರ್ಧ ಪಾಠ ಮಾಡಿ ಬಿಟ್ಟರೆ ಹೀಗೇ ಆಗುತ್ತದೆ, ಅದಕ್ಕೇ ನನಗೆ ಸಿಟ್ಟು. ಸೂಪರ್‌ಕಂಡಕ್ಟರ್ ಎಂದರೆ ತುಂಬಾ ತಣ್ಣಗಾದಾಗ ಕರೆಂಟನ್ನು ತಡೆಯೇ ಇಲ್ಲದೆ ಹರಿಯಬಿಡುವ ಪದಾರ್ಥ. ಪಾದರಸ, ಸೀಸದಂಥ ಹಳೆಯ ಸೂಪರ್‌ಕಂಡಕ್ಟರುಗಳಿಗೆ ಆ ಮಾತು ನಿಜ. ಅಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಹರಿಯುತ್ತವೆ, ಜೋಡಿಯ ಎರಡರ ಸ್ಪಿನ್ (ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಆಯಸ್ಕಾಂತ, ಅದರ ದಿಕ್ಕು ಎನ್ನಿ) ಒಂದಕ್ಕೊಂದು ಎದುರು. ಆಯಸ್ಕಾಂತ ಎರಡನ್ನೂ ಒಂದೇ ಕಡೆ ತಿರುಗಿಸಲು ನೋಡುತ್ತದೆ, ಜೋಡಿ ಒಡೆಯುತ್ತದೆ.

ಆದರೆ ಆಯಸ್ಕಾಂತ ಗುಣ ಎಂದರೆ ಫ್ರಿಜ್ ಬಾಗಿಲಿಗೆ ಅಂಟುವುದಷ್ಟೇ ಅಲ್ಲ. ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡ್ ನೋಡಿ. ಒಂದು ತಾಮ್ರದ ಸ್ಪಿನ್ ಮೇಲಕ್ಕಿದ್ದರೆ ಪಕ್ಕದ್ದು ಕೆಳಕ್ಕೆ. ಒಟ್ಟು ಲೆಕ್ಕ ಸೊನ್ನೆ, ಹೊರಗೆ ಗುಂಡುಸೂಜಿಯೂ ಅಂಟದು. ಕರೆಂಟೂ ಹರಿಯದು. ಲ್ಯಾಂಥನಮ್ ಸ್ವಲ್ಪ ತೆಗೆದು ಬೇರಿಯಮ್ ಹಾಕಿದರೆ ಆ ಸಾಲು ಕದಡುತ್ತದೆ, ಸೂಪರ್‌ಕಂಡಕ್ಟಿವಿಟಿ ಹುಟ್ಟುತ್ತದೆ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ಕಂಡದ್ದು ಇದನ್ನೇ. ಮರುವರ್ಷವೇ ನೊಬೆಲ್ ಬಂತು. 2008ರಲ್ಲಿ ಜಪಾನಿನ ಹೊಸೊನೊ ತಂಡ ಕಬ್ಬಿಣ, ಆರ್ಸೆನಿಕ್ ಇರುವ ಪದಾರ್ಥದಲ್ಲಿ 26 ಕೆಲ್ವಿನ್‌ವರೆಗೆ (ಅಂದರೆ ಸುಮಾರು ಮೈನಸ್ 247 ಡಿಗ್ರಿ ಸೆಲ್ಸಿಯಸ್) ಸೂಪರ್‌ಕಂಡಕ್ಟಿವಿಟಿ ತೋರಿಸಿತು. ಏನೂ ಬೆರೆಸದ ಅದರ ಮೂಲ ಪದಾರ್ಥದಲ್ಲೂ ಸ್ಪಿನ್‌ಗಳು ಹೀಗೇ ಎದುರುಬದುರು.

ಸಾಲು ಕದಡಿದ ಮೇಲೂ ಸ್ಪಿನ್‌ಗಳು ಅಲುಗಾಡುತ್ತಲೇ ಇರುತ್ತವೆ. ಆ ಅಲುಗಾಟವೇ ಎಲೆಕ್ಟ್ರಾನುಗಳನ್ನು ಜೋಡಿ ಮಾಡುತ್ತದೆ ಎಂದು ನಾನೂ ಸೇರಿ ಬಹಳ ಮಂದಿ ನಂಬಿದ್ದೇವೆ. ಎಲ್ಲರೂ ಒಪ್ಪಿದ ಸಿದ್ಧಾಂತ ಇನ್ನೂ ಇಲ್ಲ. ಇದೆ ಎಂದು ಬರೆದ ಗೈಡ್ ಇದ್ದರೆ ಪಕ್ಕಕ್ಕಿಡಿ.

ಇನ್ನೂ ಒಂದಿದೆ. ಯುರೇನಿಯಮ್ ಮತ್ತು ಜರ್ಮೇನಿಯಮ್ ಸೇರಿದ ಒಂದು ಪದಾರ್ಥ ನಿಜವಾದ ಆಯಸ್ಕಾಂತವೇ. ಭಾರೀ ಒತ್ತಡ ಕೊಟ್ಟು 1 ಕೆಲ್ವಿನ್‌ಗಿಂತ ಕೆಳಗೆ ತಂದರೆ, ಆಯಸ್ಕಾಂತವಾಗಿದ್ದುಕೊಂಡೇ ಅದು ಸೂಪರ್‌ಕಂಡಕ್ಟರ್ ಆಗುತ್ತದೆ! 2000ದಲ್ಲಿ ಇದು ಗೊತ್ತಾಯಿತು. ಅಲ್ಲಿ ಜೋಡಿಯ ಸ್ಪಿನ್‌ಗಳು ಒಂದೇ ಕಡೆ ಮುಖ ಮಾಡಿವೆ ಎಂದು ತಿಳಿಯಲಾಗಿದೆ. ಹಾಗಿದ್ದರೆ ಆಯಸ್ಕಾಂತ ಒಡೆಯುವುದು ಏನನ್ನು, ಅಲ್ವಾ?

ಕೋಣೆಯ ಬಿಸಿಯಲ್ಲೇ ತೇಲುವ ಕಲ್ಲಿನ ವಿಡಿಯೋ ನಿಜವೇ? (ಹುಬ್ಬಳ್ಳಿ)

ಕೋಣೆಯ ಬಿಸಿಯಲ್ಲೇ ಸೂಪರ್‌ಕಂಡಕ್ಟರ್ ಎಂದು 2023ರಲ್ಲಿ ಸುದ್ದಿಯಾದ ಎಲ್‌ಕೆ-99 ಎಂಬ ಪದಾರ್ಥ ಆಗಲೇ ಮುಗಿದ ಕಥೆ, ಬೇರೆ ಲ್ಯಾಬುಗಳ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ತೇಲಿದರೆ ಸಾಲದು. ಸೂಪರ್‌ಕಂಡಕ್ಟರ್ ಅಲ್ಲದ ಗ್ರಾಫೈಟ್ ಕೂಡ ಆಯಸ್ಕಾಂತದ ಮೇಲೆ ತೇಲುತ್ತದೆ.

ಕ್ವಾಂಟಮ್ ಲಾಕೆಟ್‌ನಿಂದ ಮಂಡಿನೋವು ಹೋಗುತ್ತದೆಯೇ? (ಗದಗ)

ಹೋಗುವುದಿಲ್ಲ. ಸುಮ್ನೆ ದುಡ್ಡು ದಂಡ. 2021ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇಂಥ ಕೆಲವು ಲಾಕೆಟ್‌ಗಳಲ್ಲಿ ವಿಕಿರಣ ಪತ್ತೆಯಾಗಿ, ಧರಿಸಬೇಡಿ ಎಂದು ಸರ್ಕಾರವೇ ಎಚ್ಚರಿಸಿತು. ಮಾರುವವರಿಗೆ ನಾಚಿಕೆಯಾಗಬೇಕು.

ದನದ ದವಾಖಾನೆಯ ಲಿಕ್ವಿಡ್ ನೈಟ್ರೋಜನ್ ತಂದು ಮನೆಯಲ್ಲೇ ಪ್ರಯೋಗ ಮಾಡಬಹುದೇ? (ಹಾವೇರಿ)

ಬೇಡ. ಅದು ಮೈನಸ್ 196 ಡಿಗ್ರಿ. ಮುಚ್ಚಿದ ಕೋಣೆಯಲ್ಲಿ ಆವಿಯಾದರೆ ಉಸಿರಾಡಲು ಗಾಳಿಯೇ ಉಳಿಯದು. ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಎದುರಿಗಿದ್ದಾಗ, ಕಿಟಕಿ ತೆರೆದು ಮಾಡಿ.