ಸೈಟ್ 403 (ಪ್ರವೇಶ ಇಲ್ಲ) ಅನ್ನುತ್ತೆ, ಸೆಟ್‌ಎನ್‌ಫೋರ್ಸ್ 0 ಕೊಟ್ಟು ಎಸ್‌ಇಲಿನಕ್ಸ್ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿದರೆ ತೆರೆಯುತ್ತೆ. ಎಸ್‌ಇಲಿನಕ್ಸ್ ಪರ್ಮನೆಂಟಾಗಿ ಆಫ್ ಮಾಡಲಾ, ಆಪ್‌ಆರ್ಮರ್‌ಗೆ ಹೋಗಲಾ?

ಎರಡೂ ಬೇಡ. ಎಸ್‌ಇಲಿನಕ್ಸ್ ಅಂದರೆ ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಬಹುದು ಅಂತ ನಿರ್ಧರಿಸುವ ಲಿನಕ್ಸ್ ಭದ್ರತಾ ವ್ಯವಸ್ಥೆ, ಆಪ್‌ಆರ್ಮರ್ ಅಂಥದ್ದೇ ಇನ್ನೊಂದು. ಆಲ್ಮಾಲಿನಕ್ಸ್ 9, ಎಂಜಿನ್‌ಎಕ್ಸ್ ವೆಬ್ ಸರ್ವರ್, ಪರ್ಮಿಷನ್ 755 ಇದ್ದರೂ 403: ಪೀಣ್ಯದ ನಮ್ಮ ಆಫೀಸಿನ ಬಿಲ್ಲಿಂಗ್ ಸರ್ವರ್‌ನದೂ ಇದೇ ಕಥೆ. ತಡೆಯುತ್ತಿರುವುದು ಯಾರು ಅಂತ ನಿಮಗೆ ಗೊತ್ತಾಯಿತಲ್ಲ, ಮೊದಲು ಸೆಟ್‌ಎನ್‌ಫೋರ್ಸ್ 1 ಕೊಡಿ.

ನಮ್ಮಲ್ಲಿ ಫೈಲುಗಳನ್ನು ಹೋಮ್ ಫೋಲ್ಡರ್‌ನಲ್ಲಿ ಅನ್‌ಜಿಪ್ ಮಾಡಿ, ಎಂವಿ ಕಮಾಂಡ್‌ನಿಂದ /ಡೇಟಾ ಒಳಗೆ ಹಾಕಿದ್ದರು. ಸಿಪಿ ಮಾಡಿದರೆ ಫೈಲಿಗೆ ಹೊಸ ಜಾಗದ ಲೇಬಲ್ (ಎಸ್‌ಇಲಿನಕ್ಸ್ ನೋಡುವ ಗುರುತು) ಬರುತ್ತೆ. ಎಂವಿ ಹಳೆಯದನ್ನೇ ಹೊತ್ತು ತರುತ್ತೆ. ಎಲ್‌ಎಸ್ -ಎಲ್‌ಝಡ್ (ಝಡ್ ಕ್ಯಾಪಿಟಲ್) ಕೊಟ್ಟು ನೋಡಿದರೆ ಯೂಸರ್_ಹೋಮ್_ಟಿ ಅಂತ ಕಾಣುತ್ತೆ. ಅದನ್ನು ಓದಲು ಎಂಜಿನ್‌ಎಕ್ಸ್‌ಗೆ ಅನುಮತಿ ಇಲ್ಲ, 777 ಕೊಟ್ಟರೂ ಅಷ್ಟೇ.

ಪೆಟ್ಟು ಬಿದ್ದದ್ದು ಆಮೇಲೆ. ಸಿಎಚ್‌ಕಾನ್‌ನಿಂದ ಲೇಬಲ್ ಬದಲಾಯಿಸಿದರು, ಸೈಟ್ ನಡೆಯಿತು, ಎಲ್ಲರೂ ಮರೆತರು. ಸಿಎಚ್‌ಕಾನ್ ಬರೆಯುವುದು ಫೈಲಿನ ಮೇಲೆ ಮಾತ್ರ, ಪಾಲಿಸಿಗೆ (ಎಸ್‌ಇಲಿನಕ್ಸ್‌ನ ನಿಯಮಗಳ ಪಟ್ಟಿಗೆ) ಅದರ ಸುದ್ದಿಯೇ ಇರುವುದಿಲ್ಲ. ಮುಂದೆ ಯಾರೋ ಇಡೀ ಡಿಸ್ಕ್ ರೀಲೇಬಲ್ ಮಾಡಿದಾಗ ಪಾಲಿಸಿಯಲ್ಲಿ /ಡೇಟಾಗೆ ನಿಯಮವೇ ಇಲ್ಲದ್ದರಿಂದ ಎಲ್ಲವೂ ಡಿಫಾಲ್ಟ್_ಟಿ ಆಯಿತು, ಬಿಲ್ಲಿಂಗ್ ನಿಂತಿತು. ಕಾನ್ಫಿಗ್ ಮುಟ್ಟಿಲ್ಲ, ಕೋಡ್ ಮುಟ್ಟಿಲ್ಲ, ಹಾಗಾಗಿ ಎಲ್ಲರೂ ಬೇರೆಲ್ಲೋ ಹುಡುಕಿದರು. ಸಿಎಚ್‌ಕಾನ್ ಪರೀಕ್ಷೆಗೆ ಮಾತ್ರ ಅಂತ ಇಟ್ಟುಕೊಳ್ಳಿ.

ಸರಿಯಾದ ದಾರಿ ಇದು:
ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ -ಎ -ಟಿ ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ '/ಡೇಟಾ(/.*)?'
ರಿಸ್ಟೋರ್‌ಕಾನ್ -ಆರ್‌ವಿ /ಡೇಟಾ (ಆರ್ ಕ್ಯಾಪಿಟಲ್)

ಮೊದಲನೆಯದು ನಿಯಮ ಬರೆಯುತ್ತೆ, ಎರಡನೆಯದು ಅದನ್ನು ಫೈಲುಗಳಿಗೆ ಅಂಟಿಸುತ್ತೆ. ಎರಡನೆಯದನ್ನು ಬಿಟ್ಟು ‘ಕೆಲಸ ಮಾಡಲಿಲ್ಲ’ ಅನ್ನುವವರೇ ಹೆಚ್ಚು. ಅಪ್‌ಲೋಡ್ ಫೋಲ್ಡರ್ ಇದ್ದರೆ ಅದೊಂದಕ್ಕೆ ಮಾತ್ರ ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯೂ_ಕಂಟೆಂಟ್_ಟಿ (ಬರೆಯಲೂ ಬಿಡುವ ಲೇಬಲ್) ಕೊಡುವ ನಿಯಮವನ್ನು ಇದರ ನಂತರ ಸೇರಿಸಿ. ಇಡೀ ಸೈಟಿಗೆ ಕೊಡಬೇಡಿ.

ಲೇಬಲ್ ಸರಿಯಿದ್ದೂ 502 ಬಂದರೆ ಎಂಜಿನ್‌ಎಕ್ಸ್ ಹಿಂದಿನ ಆ್ಯಪ್‌ಗೆ ಕನೆಕ್ಟ್ ಆಗುತ್ತಿಲ್ಲದಿರಬಹುದು: ಸೆಟ್‌ಸೆಬೂಲ್ -ಪಿ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಆನ್. ಇಲ್ಲಿ ಪಿ ಕ್ಯಾಪಿಟಲ್. ಅದನ್ನು ಬಿಟ್ಟರೆ ರೀಬೂಟ್ ಆದಮೇಲೆ ಹೋಗುತ್ತೆ.

ಊಹೆ ಬೇಡ, ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್ ಓದಿ (ಎವಿಸಿ ಅಂದರೆ ಎಸ್‌ಇಲಿನಕ್ಸ್ ನಿರಾಕರಣೆಯ ದಾಖಲೆ). ಎಸ್‌ಕಾಂಟೆಕ್ಸ್ಟ್ ಕೇಳಿದವರು ಯಾರು, ಟಿಕಾಂಟೆಕ್ಸ್ಟ್ ಕೇಳಿದ್ದು ಯಾವುದನ್ನು ಅಂತ ಹೇಳುತ್ತೆ. ಏನೂ ಕಾಣದಿದ್ದರೆ ಸೆಮಾಡ್ಯೂಲ್ -ಡಿಬಿ (ಎರಡೂ ಕ್ಯಾಪಿಟಲ್) ಕೊಟ್ಟು ಬಚ್ಚಿಟ್ಟ ನಿರಾಕರಣೆಗಳನ್ನೂ ಲಾಗ್‌ಗೆ ತನ್ನಿ, ಮುಗಿದ ಮೇಲೆ ಸೆಮಾಡ್ಯೂಲ್ -ಬಿ (ಇದೂ ಕ್ಯಾಪಿಟಲ್) ಕೊಡಿ. ಲಾಗ್ ಓದದೆ ಆಡಿಟ್‌2ಅಲೌಗೆ (ನಿರಾಕರಣೆಗಳಿಂದ ಅನುಮತಿ ನಿಯಮ ತಯಾರಿಸುವ ಸಾಧನ) ಸುರಿದರೆ, ಹೋಮ್ ಫೈಲುಗಳನ್ನೆಲ್ಲ ಎಂಜಿನ್‌ಎಕ್ಸ್ ಓದಬಹುದು ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತೆ.

ಈಗಾಗಲೇ ಡಿಸೇಬಲ್ ಮಾಡಿ ರೀಬೂಟ್ ಮಾಡಿದ್ದರೆ, ಆ ಅವಧಿಯಲ್ಲಿ ಹುಟ್ಟಿದ ಫೈಲುಗಳಿಗೆ ಲೇಬಲ್ಲೇ ಇರುವುದಿಲ್ಲ. ನೇರವಾಗಿ ಎನ್‌ಫೋರ್ಸಿಂಗ್‌ಗೆ (ತಡೆಯುವ ಸ್ಥಿತಿಗೆ) ಹೋದರೆ ಬೂಟ್ ಅರ್ಧದಲ್ಲೇ ನಿಲ್ಲಬಹುದು. ಮೊದಲು ಪರ್ಮಿಸಿವ್ (ತಡೆಯದೆ ಲಾಗ್ ಮಾತ್ರ ಬರೆಯುವ ಸ್ಥಿತಿ), /.ಆಟೋರೀಲೇಬಲ್ ಅನ್ನುವ ಖಾಲಿ ಫೈಲ್, ಒಂದು ರೀಬೂಟ್. ಎವಿಸಿ ಲಾಗ್ ಸ್ವಚ್ಛವಾದ ಮೇಲೆ ಎನ್‌ಫೋರ್ಸಿಂಗ್.