ಅಮಾನತಿಗೆ ಮುಂಚಿನ ಆರು ವಾರ

ಮಾನ್ಯರೆ,

ಬಸವನಗುಡಿಯ ಪದವಿ ಕಾಲೇಜೊಂದರಲ್ಲಿ ಪಾಠ ಹೇಳುವ, ಅಲ್ಲಿನ ಶಿಸ್ತು ಸಮಿತಿಯಲ್ಲೂ ಇರುವ ನೀವು ಬರೆದ ಪತ್ರದ ಸಾರ ಇಷ್ಟು: ಎರಡನೇ ವರ್ಷದ ಬಿಕಾಂ ಹುಡುಗ ಕ್ಯಾಂಟೀನಿನಲ್ಲಿ ಸಹಪಾಠಿಯ ಹಣೆಗೆ ಸ್ಟೀಲ್ ಲೋಟದಿಂದ ಹೊಡೆದ. ಹದಿನೈದು ದಿನ ಅಮಾನತಾಯಿತು. ಆಮೇಲೆ ವಿಚಾರಿಸಿದರೆ, ಅವನು ಆರು ವಾರದಿಂದ ಬೆಳಗಿನ ತರಗತಿಗೆ ಬರುತ್ತಿಲ್ಲವೆಂದು ಕ್ಲಾಸ್ ಟೀಚರ್‌ಗೆ ಗೊತ್ತಿತ್ತು. ರಾತ್ರಿಯೆಲ್ಲ ಎದ್ದು ಕೂತಿರುತ್ತಾನೆಂದು ವಾರ್ಡನ್‌ಗೆ ಗೊತ್ತಿತ್ತು. ಒಂದು ಗುಂಪು ದಿನಾ ಅವನನ್ನು ಗೋಳುಹೊಯ್ದುಕೊಳ್ಳುತ್ತದೆಂದು ಲೈಬ್ರರಿ ಅಟೆಂಡರ್‌ಗೆ ಗೊತ್ತಿತ್ತು. ಈಗ ಆಡಳಿತ ಮಂಡಳಿ ಇನ್ನಷ್ಟು ಸಿಸಿಟಿವಿ ಹಾಕಿಸಲು ಹೊರಟಿದೆ. ಅದು ಸಾಕೇ, ಬೇರೇನು ಮಾಡಬೇಕು ಎಂದು ಕೇಳಿದ್ದೀರಿ.

ಕ್ಯಾಮೆರಾಕ್ಕೆ ಸಿಗುವುದು ಲೋಟ ಎತ್ತಿದ ಗಳಿಗೆ ಮಾತ್ರ. ಅದಕ್ಕೆ ಮುಂಚಿನ ಆರು ವಾರ ಮೂವರಿಗೆ ಬಿಡಿಬಿಡಿಯಾಗಿ ಕಂಡಿತ್ತು, ಒಂದೆಡೆ ಸೇರಲಿಲ್ಲ. ಆ ಮೂರು ಸಂಗತಿ ಪ್ರತಿ ವಾರ ಒಂದೇ ಮೇಜಿಗೆ ಬರುವಂತೆ ಮಾಡುವುದು ನಿಮ್ಮ ಮೊದಲ ಕೆಲಸ.

ಐದಾರು ಜನರ ನೆರವು ತಂಡ ಕಟ್ಟಿ. ತೀರ್ಮಾನ ಮಾಡುವ ಅಧಿಕಾರವಿರುವ ಒಬ್ಬ ಹಿರಿಯ ಅಧ್ಯಾಪಕರು, ಆಪ್ತಸಮಾಲೋಚಕರು, ವಾರ್ಡನ್, ಹಾಜರಿ ನೋಡುವ ಕಚೇರಿ ಸಿಬ್ಬಂದಿ, ಮಕ್ಕಳು ಸಲಿಗೆಯಿಂದ ಮಾತಾಡುವ ಒಬ್ಬ ಮೇಡಂ, ಜೊತೆಗೆ ದೈಹಿಕ ಶಿಕ್ಷಣ ನಿರ್ದೇಶಕರು. ಕೊನೆಯವರನ್ನು ಬಿಡಬೇಡಿ. ಹುಡುಗರ ಜಗಳ ಮೊದಲು ಕಿವಿಗೆ ಬೀಳುವುದು ಮೈದಾನದಲ್ಲಿ. ಶಿಸ್ತು ಸಮಿತಿಯ ಅಧ್ಯಕ್ಷರೇ ಈ ತಂಡದ ಅಧ್ಯಕ್ಷರಾಗುವುದು ಬೇಡ; ಹೇಳಿದರೆ ಶಿಕ್ಷೆಯಾಗುತ್ತದೆ ಎಂದು ಗೊತ್ತಾದ ಕೂಡಲೇ ಅಟೆಂಡರ್ ಬಾಯಿ ಮುಚ್ಚಿಕೊಳ್ಳುತ್ತಾರೆ. ವಾರಕ್ಕೊಮ್ಮೆ, ನಿಗದಿತ ದಿನ, 45 ನಿಮಿಷ. ವಿಷಯ ಇಲ್ಲವೆಂದು ಸಭೆ ರದ್ದು ಮಾಡಬೇಡಿ. ಎರಡು ವಾರ ರದ್ದಾದರೆ ಮೂರನೇ ವಾರ ಯಾರೂ ಬರುವುದಿಲ್ಲ.

ಸಮಾಲೋಚಕರ ಹುದ್ದೆ ಖಾಲಿ ಎಂದು ಬರೆದಿದ್ದೀರಿ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆಡಳಿತ ಮಂಡಳಿಗೆ ಇದನ್ನು ಲಿಖಿತವಾಗಿ ನೆನಪಿಸಿ. ಸಮಾಲೋಚಕರು ಬಂದ ಮೇಲೆ, ಹುಡುಗ ಅವರ ಬಳಿ ಹೇಳಿಕೊಂಡದ್ದನ್ನು ಸಭೆಯಲ್ಲಿ ಹೇಳಿಸಬೇಡಿ. ಜೀವಕ್ಕೆ ಅಪಾಯವಿದ್ದರೆ ಮಾತ್ರ, ಅಗತ್ಯವಿದ್ದಷ್ಟು. ಒಬ್ಬನ ಗುಟ್ಟು ಸ್ಟಾಫ್ ರೂಮಿಗೆ ಬಂದರೆ ಆ ವರ್ಷವಿಡೀ ಸಮಾಲೋಚಕರ ಕೋಣೆ ಖಾಲಿ.

ತಂಡಕ್ಕೆ ಬರುವ ಟಿಪ್ಪಣಿ ಹೇಗಿರಬೇಕು ಎಂಬುದರಲ್ಲೇ ಹೆಚ್ಚಿನ ಕಾಲೇಜುಗಳು ಎಡವುತ್ತವೆ. 'ಹುಡುಗ ಡಿಪ್ರೆಶನ್‌ನಲ್ಲಿದ್ದಾನೆ, ರೌಡಿ ಥರ ಆಡ್ತಾನೆ' ಎಂದು ಬರೆದರೆ ಯಾವ ಉಪಯೋಗವೂ ಇಲ್ಲ. ಹಣೆಪಟ್ಟಿ ಮಾತ್ರ ಫೈಲಿನಲ್ಲಿ ಉಳಿಯುತ್ತದೆ. ಹೀಗೆ ಬರೆಯಲಿ: 'ಮಂಗಳವಾರ 11.20, ಲೈಬ್ರರಿ ಹೊರಗೆ. ನಾಲ್ವರು ಅವನ ಬ್ಯಾಗ್ ಕಿತ್ತು ಮೆಟ್ಟಿಲ ಮೇಲೆ ಸುರಿದರು. ಅವನು ಏನೂ ಅನ್ನಲಿಲ್ಲ. ಪುಸ್ತಕ ಎತ್ತಿಕೊಳ್ಳುವಾಗ, ಒಂದಿನ ಎಲ್ಲರಿಗೂ ಗೊತ್ತಾಗುತ್ತೆ ಅಂದ. ಹೋದ ವಾರವೂ ಎರಡು ಸಲ ಹೀಗಾಗಿದೆ.' ದಿನ, ಜಾಗ, ಕಂಡದ್ದು, ಆಡಿದ ಮಾತು, ಎಷ್ಟನೇ ಸಲ. ಇಷ್ಟು ಸಾಕು. ಅಟೆಂಡರ್, ಸೆಕ್ಯುರಿಟಿಯವರು ಬರೆಯಲು ಹಿಂಜರಿದರೆ ಬಾಯಲ್ಲಿ ಹೇಳಲಿ, ತಂಡದವರು ಬರೆದುಕೊಳ್ಳಲಿ. ಟಿಪ್ಪಣಿಗಳು ಒಬ್ಬರ ಬೀಗದಲ್ಲಿರಲಿ. ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಒಂದಕ್ಷರವೂ ಹೋಗಕೂಡದು.

ಆತಂಕ ಹುಟ್ಟಿಸುವ ಟಿಪ್ಪಣಿ ಬಂದರೆ ಎರಡು ಕೆಲಸದ ದಿನಗಳೊಳಗೆ ಒಬ್ಬರು ಮಾತಾಡಬೇಕು. ಬೆದರಿಕೆಯೋ ಸಾವಿನ ಮಾತೋ ಇದ್ದರೆ ಅದೇ ದಿನ. ಮಾತಾಡುವವರು ಪದವಿಯಲ್ಲಿ ದೊಡ್ಡವರಾಗಬೇಕಿಲ್ಲ, ಆ ಮಗುವಿಗೆ ಹತ್ತಿರದವರಾಗಿರಬೇಕು. ತರಗತಿಗೆ ಚೀಟಿ ಕಳಿಸಿ ಎಲ್ಲರೆದುರು ಹೆಸರು ಕೂಗಿಸಬೇಡಿ. 'ಯಾಕೆ ಹೀಗೆ ಆಡ್ತಿದ್ದೀಯ' ಎಂದು ಶುರುಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. 'ಮೂರು ವಾರದಿಂದ ಬೆಳಗಿನ ಕ್ಲಾಸಿಗೆ ಕಾಣ್ತಿಲ್ಲ, ಏನಾಗ್ತಿದೆಯಪ್ಪ?' ಎಂದು ಕಂಡದ್ದರಿಂದ ಆರಂಭಿಸಿ, ಆಮೇಲೆ ಸುಮ್ಮನಿರಿ. ಬದುಕು ಬೇಡವೆನ್ನುವ ಸುಳಿವು ಸಿಕ್ಕರೆ 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 24 ಗಂಟೆಯ ತುರ್ತು ವಿಭಾಗವಿದೆ, ಜೊತೆಯಲ್ಲಿ ಒಬ್ಬರು ಹೋಗಿ. ಮನೆಗೆ ಫೋನ್ ಮಾಡುವಾಗಲೂ ದೂರಿನ ದನಿ ಬೇಡ. ಹೊಡೆತ ಬಡಿತ ಮನೆಯಲ್ಲೇ ಇದೆಯೇ ಎಂದು ಮೊದಲು ಹುಡುಗನನ್ನು ಕೇಳಿಕೊಳ್ಳಿ.

ನೆರವು ತಂಡ ರಾಜಿ ಮಾಡಿ ಮುಗಿಸಬಾರದ ವಿಷಯಗಳೂ ಇವೆ. ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಅದೇ: ಅವನನ್ನು ದಿನಾ ಗೋಳುಹೊಯ್ದುಕೊಂಡ ಗುಂಪಿನ ಮೇಲೆ ಏನು ಕ್ರಮವಾಯಿತು ಎಂಬ ಮಾತೇ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದಲ್ಲಿ ರ‍್ಯಾಗಿಂಗ್ ಎಂದರೆ ಹೊಸಬರನ್ನು ಮಾತ್ರವಲ್ಲ, ಯಾವುದೇ ವಿದ್ಯಾರ್ಥಿಯನ್ನು ಪೀಡಿಸುವುದೂ ಸೇರಿದೆ. ಎರಡನೇ ವರ್ಷದವನು ಎಂಬ ನೆಪ ನಡೆಯದು. ರ‍್ಯಾಗಿಂಗ್ ವಿರೋಧಿ ಸಮಿತಿ ಈಗಲೇ ವಿಚಾರಿಸಲಿ. ಅಪರಾಧ ಕಂಡುಬಂದರೆ 24 ಗಂಟೆಯೊಳಗೆ ಎಫ್‌ಐಆರ್ ಆಗಬೇಕು. ವಿದ್ಯಾರ್ಥಿಗಳೇ ದೂರಲು 1800-180-5522 ಸಹಾಯವಾಣಿ ಇದೆ. ಲೈಂಗಿಕ ಕಿರುಕುಳವಾದರೆ ಅದು ಆಂತರಿಕ ದೂರು ಸಮಿತಿಗೆ: ಮೂರು ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ. ನಿಮ್ಮ ಆವರಣದಲ್ಲೇ ಇರುವ ಪಿಯು ಮಕ್ಕಳಲ್ಲಿ ಹೆಚ್ಚಿನವರು 18 ತುಂಬದವರು. ಅವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದೂ ಪೊಲೀಸರಿಗೆ ಹೇಳದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಕೈಯಲ್ಲಿ ಆಯುಧ ಕಂಡರೆ ಸಭೆಗೆ ಕಾಯಬೇಡಿ, ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ಹೊಡೆದದ್ದಕ್ಕೆ ಕ್ರಮ ಬೇಕು, ಅನುಮಾನವಿಲ್ಲ. ಆದರೆ ಆರೋಪ ಲಿಖಿತವಾಗಿರಬೇಕು, ಉತ್ತರಿಸಲು ಸಮಯ ಕೊಡಬೇಕು, ಆದೇಶದಲ್ಲಿ ಕಾರಣ ಬರೆದು ಮೇಲ್ಮನವಿ ಯಾರಿಗೆಂದು ತಿಳಿಸಬೇಕು. ಮೊದಲೇ ತರಗತಿ ತಪ್ಪಿಸಿರುವ ಹುಡುಗನಿಗೆ ಹದಿನೈದು ದಿನವೂ ಸೇರಿದರೆ ಹಾಜರಿ ಶೇ. 75ಕ್ಕಿಂತ ಕೆಳಗಿಳಿದು ಪರೀಕ್ಷೆಯೇ ಕೈತಪ್ಪಬಹುದು. ಅಷ್ಟು ದೊಡ್ಡ ಶಿಕ್ಷೆ ಸಮಿತಿಯ ಉದ್ದೇಶವಾಗಿತ್ತೇ? ಆ ದಿನಗಳನ್ನು ಹೇಗೆ ಲೆಕ್ಕ ಹಿಡಿಯುತ್ತೀರಿ ಎಂಬುದನ್ನು ಆದೇಶದಲ್ಲೇ ಬರೆಯಿರಿ. ಅವನು ಮರಳುವ ಮುನ್ನ ಅರ್ಧ ಗಂಟೆ ಕೂತು, ಯಾವ ಸೆಕ್ಷನ್, ಕ್ಯಾಂಟೀನಿಗೆ ಯಾವ ಹೊತ್ತು, ಸಿಟ್ಟು ಬಂದಾಗ ಯಾರ ಬಳಿ ಬರಬೇಕು ಎಂದು ಗೊತ್ತುಮಾಡಿ. ಪೆಟ್ಟು ತಿಂದವನನ್ನು ಬೇರೆಯಾಗಿ ಕಂಡು ಅವನಿಗೇನು ಬೇಕೆಂದು ಕೇಳಿ. ಇಬ್ಬರನ್ನೂ ನಿಲ್ಲಿಸಿ ಬಲವಂತದಿಂದ ಕೈಕುಲುಕಿಸಬೇಡಿ, ದ್ವೇಷ ಒಳಗೇ ಉಳಿಯುತ್ತದೆ.

ಕ್ಯಾಮೆರಾ ಗೇಟಿಗೆ, ಪಾರ್ಕಿಂಗಿಗೆ, ಲ್ಯಾಬಿನ ಓಣಿಗೆ ಇರಲಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುವುದರಿಂದ ಘಟನೆ ನಡೆದ ದಿನವೇ ಪ್ರತಿ ತೆಗೆದಿಡಿ. ಯಾರು ನೋಡಬಹುದು ಎಂಬುದೂ ಲಿಖಿತವಾಗಿರಲಿ.

ಉಳಿದ ಹಣವನ್ನು ಗೇಟಿನ ಹೊರಗಿನ ಕೆಲಸಕ್ಕೆ ಬಳಸಿ. ಕೊನೆಯ ತರಗತಿ ಬಿಟ್ಟ ಮೇಲೆ ನಾಲ್ಕು ವಿದ್ಯಾರ್ಥಿನಿಯರ ಜೊತೆ ಬಸ್ ಸ್ಟಾಪಿನವರೆಗೆ ನಡೆದು ನೋಡಿ. ದೀಪ ಉರಿಯದ ಕಂಬ, ಅವರು ರಸ್ತೆ ದಾಟಿ ತಪ್ಪಿಸಿಕೊಳ್ಳುವ ಜಾಗ, ಅಲ್ಲೇ ಗುರುತಾಗುತ್ತವೆ. ಕಂಬದ ಗುರುತು ಬರೆದು ಪಾಲಿಕೆಗೆ, ಜಾಗ ಮತ್ತು ಹೊತ್ತು ಬರೆದು ಠಾಣೆಗೆ ಕೊಡಿ. ಕಾಲೇಜಿನಿಂದ 100 ಮೀಟರಿನೊಳಗೆ ಸಿಗರೇಟು ಮಾರುವುದು ಕರ್ನಾಟಕ ತಿದ್ದುಪಡಿ ಮಾಡಿಕೊಂಡಿರುವ 2003ರ ತಂಬಾಕು ಕಾಯ್ದೆಯಂತೆ ನಿಷಿದ್ಧ, ಅದನ್ನೂ ಅದೇ ಪತ್ರದಲ್ಲಿ ಸೇರಿಸಿ.

ಇನ್ನು ಪಿಜಿಗಳಲ್ಲಿರುವ ಮಕ್ಕಳು. ಅವರಿಗೆ ವಾರ್ಡನ್ ಇಲ್ಲ, ಮನೆ ಕಲಬುರಗಿಯಲ್ಲೋ ಇಂಫಾಲದಲ್ಲೋ ಇರುತ್ತದೆ. ಪಿಜಿ ಬದಲಾದಾಗಲೆಲ್ಲ ವಿಳಾಸ, ನಡೆಸುವವರ ನಂಬರು, ಒಬ್ಬ ರೂಂಮೇಟ್‌ನ ನಂಬರು ಕಚೇರಿಗೆ ಕೊಡುವಂತೆ ಹೇಳಿ. ಸತತ ಮೂರು ದಿನ ಕಾಣದಿದ್ದರೆ ನಾಲ್ಕನೇ ದಿನ ಬೆಳಿಗ್ಗೆ ಕಚೇರಿಯಿಂದ ಮೊದಲ ಫೋನ್ ಆ ಹುಡುಗನಿಗೆ, ಎತ್ತದಿದ್ದರೆ ರೂಂಮೇಟ್‌ಗೆ, ಅಲ್ಲೂ ಸಿಗದಿದ್ದರೆ ಮಧ್ಯಾಹ್ನದೊಳಗೆ ಒಬ್ಬರು ಪಿಜಿಗೇ ಹೋಗಿ ಬರಬೇಕು.

— ಸಂಪಾದಕರು